ಟ್ಯಾಂಕಿನ ಮೇಲೆ ಜೇಡರ ಬಲೆ

ಚಾಮರಾಜಪೇಟೆಯ ಓದುಗರೊಬ್ಬರು ಕೇಳಿದ್ದಾರೆ: "ಕಪ್ಪು ಬೈಕು ತಗೊಂಡು ವರ್ಷವಾಯಿತು. ದಿನಾ ಬೆಳಿಗ್ಗೆ ಹಳೇ ಬನಿಯನ್ನಿನಲ್ಲಿ ಒರೆಸಿಯೇ ಹೊರಡುತ್ತೇನೆ. ಆದರೂ ಬಿಸಿಲಿಗೆ ನಿಲ್ಲಿಸಿದರೆ ಟ್ಯಾಂಕಿನ ಮೇಲೆ ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆ ಕಾಣುತ್ತದೆ. ಗುಂಡಗೆ ಉಜ್ಜಿದರೆ ಹಾಗೇ ಆಗುವುದು, ನೇರಕ್ಕೆ ಉಜ್ಜಿ ಅನ್ನುತ್ತಾರೆ ಮೆಕ್ಯಾನಿಕ್. ನಿಜವೇ?"

ಒಂದು ಪ್ರಯೋಗ ಮಾಡಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಟ್ಯಾಂಕಿನ ಮೇಲೆ ಹಿಡಿಯಿರಿ. ಬೆಳಕಿನ ಚುಕ್ಕೆಯ ಸುತ್ತ ಅದೇ ಬಲೆ. ಈಗ ಟಾರ್ಚನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ. ಬಲೆಯೂ ಸರಿಯಿತು! ಪೆಟ್ರೋಲ್ ಮುಚ್ಚಳದ ಹತ್ತಿರ ಹಿಡಿದರೆ ಅಲ್ಲಿ, ಸೀಟಿನ ಕಡೆ ಹಿಡಿದರೆ ಇಲ್ಲಿ. ಬಣ್ಣದಲ್ಲಿ ಕೊರೆದ ಸುತ್ತುಗಳಾಗಿದ್ದರೆ ಹೀಗೆ ಓಡಾಡುತ್ತಿದ್ದವೇ? ಟ್ಯಾಂಕಿನ ಮೇಲೆ ಗೀರುಗಳಿವೆ, ಸುತ್ತುಗಳಿಲ್ಲ. ನಾನು ಎಷ್ಟು ಸಲ ನೋಡಿದರೂ ಬೇಸರವಾಗದ ಆಟ ಇದು.

ಗೀರು ಎಂದರೆ ಒಂದು ಪುಟ್ಟ ಕಾಲುವೆ. ಅದರ ಇಳಿಜಾರು ದಡಕ್ಕೆ ತಾಗಿದ ಬೆಳಕು ಗೀರಿಗೆ ಅಡ್ಡಲಾಗಿ ಚದುರುತ್ತದೆ, ಉದ್ದಕ್ಕೆ ಚದುರುವುದಿಲ್ಲ. ಟಾರ್ಚಿನ ಪ್ರತಿಬಿಂಬದ ಸುತ್ತ ಎಲ್ಲ ದಿಕ್ಕಿನ ಗೀರುಗಳೂ ಇರುತ್ತವೆ. ಅವುಗಳಲ್ಲಿ ಪ್ರತಿಬಿಂಬಕ್ಕೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿಗೆ ಬೆಳಕು ಕಳಿಸುತ್ತವೆ. ಪ್ರತಿಬಿಂಬದಿಂದ ನೆಟ್ಟಗೆ ಹೊರಕ್ಕೆ ಹೊರಟವು ಕಾಣದೇ ಉಳಿಯುತ್ತವೆ. ಮಿನುಗುವ ತುಂಡುಗಳನ್ನು ಕಣ್ಣು ಜೋಡಿಸಿ ವೃತ್ತ ಮಾಡಿಕೊಳ್ಳುತ್ತದೆ. ಅಡುಗೆಮನೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಓರೆ ಮಾಡಿ ನೋಡಿ, ಅಲ್ಲೂ ಇದೇ. ಮಳೆ ನಿಂತ ರಾತ್ರಿ ಮಲ್ಲೇಶ್ವರದಲ್ಲಿ ಎಲೆ ಉದುರಿದ ಮರದ ಹಿಂದೆ ಬೀದಿದೀಪವಿದ್ದರೆ, ಒದ್ದೆ ಕಡ್ಡಿಗಳು ದೀಪದ ಸುತ್ತ ಬಳೆ ಬಳೆಯಾಗಿ ಹೊಳೆಯುವುದೂ ಇದೇ ಕಾರಣಕ್ಕೆ. ಬಯಲಿನ ಬೆಳಕಿನ ವಿಸ್ಮಯಗಳ ಬಗ್ಗೆ 1937ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ ಡಚ್ ಖಗೋಳವಿಜ್ಞಾನಿ ಮಾರ್ಸೆಲ್ ಮಿನಾರ್ಟ್ ಇಂಥವನ್ನು ಹುಡುಕಿಕೊಂಡೇ ತಿರುಗುತ್ತಿದ್ದರು.

ಹಾಗಂತ ಮೆಕ್ಯಾನಿಕ್ ಮಾತು ಪೂರ್ತಿ ಸುಳ್ಳಲ್ಲ. ಎಲ್ಲ ಗೀರುಗಳೂ ಒಂದೇ ದಿಕ್ಕಿಗಿದ್ದರೆ ಬೆಳಕು ಒಂದು ಕಡೆಯಿಂದ ಬಿದ್ದಾಗ ಮಾತ್ರ ಕಾಣುತ್ತವೆ. ಆದರೆ ಗೀರು ಗೀರೇ. ಕಪ್ಪು ಬಣ್ಣ ತಾನಾಗಿ ಬೆಳಕು ಚದುರಿಸುವುದು ಬಲು ಕಡಿಮೆಯಾದ್ದರಿಂದ ಅದರ ಮೇಲೆ ಎದ್ದು ಕಾಣುತ್ತವೆ, ಬಿಳಿ ಗಾಡಿಯಲ್ಲಿ ಅಡಗಿರುತ್ತವೆ.

ಗೀರಿದ್ದು ಯಾರು? ಬನಿಯನ್ ಬಟ್ಟೆಯಲ್ಲ, ಅದಕ್ಕೆ ಮೆತ್ತಿದ ದೂಳು. ನಮ್ಮ ಊರು ಕೂತಿರುವುದೇ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಅದೇ ಜಾತಿಯದು. ಆ ಶಿಲೆಯಲ್ಲಿ ಧಾರಾಳವಾಗಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7. ಕಿಟಕಿಯ ಗಾಜು ಐದೂವರೆ, ನಮ್ಮ ಉಗುರು ಎರಡೂವರೆ. ಬಂಡೆ ಸವೆದು ಬಂದ ಹಳೇ ಮರಳಾದರೂ ಕೊಂಚ ದುಂಡಗಿರುತ್ತದೆ. ಈಗ ಪ್ರತಿ ಬೀದಿಯಲ್ಲೂ ಮನೆ ಕೆಡವಿ ಕಟ್ಟುತ್ತಿರುವಾಗ ಹಾರುವ ಎಂ-ಸ್ಯಾಂಡ್ ಹೊಸದಾಗಿ ಒಡೆದ ಕಲ್ಲು, ಅದರ ಒಂದೊಂದು ಕಣಕ್ಕೂ ಚೂಪು ಮೂಲೆ. ಟ್ಯಾಂಕಿನ ಹೊಳಪೆಲ್ಲ ಇರುವುದು ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ, ಅದು ಸಾಮಾನ್ಯವಾಗಿ 40 ಮೈಕ್ರಾನಿನ ಆಸುಪಾಸು. ತಲೆಗೂದಲಿಗಿಂತ ತೆಳು! ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಆ ಪದರದ ಮೇಲೆ ದಿನವೂ ಕಲ್ಲುಪುಡಿ ಎಳೆಯುವುದು.

ಹೊಸ ಗಾಡಿಗೆ ಗೀರು ಬಿದ್ದರೆ ದೃಷ್ಟಿ ತಗುಲಿತು ಎನ್ನುವವರು ಈಗಲೂ ಇದ್ದಾರೆ. ಕಪ್ಪು ದಾರ ಕಟ್ಟಿಸಿ ಮರುದಿನ ಅದೇ ಒಣ ಬಟ್ಟೆ ಹಿಡಿಯುತ್ತಾರೆ! ಆಯುಧಪೂಜೆ ಸಂತೋಷವಾಗಿ ಮಾಡಿ. ಆದರೆ ಟ್ಯಾಂಕಿಗೆ ಬಳಿದ ವಿಭೂತಿಯನ್ನು ತಿಕ್ಕಿ ತೆಗೆಯಬೇಡಿ. ಬೆಳ್ಳಿ ದೀಪ ಬೆಳಗಲು ಅಜ್ಜಿಯರು ವಿಭೂತಿ ಬಳಸುತ್ತಿದ್ದದ್ದು ಅದು ಉಜ್ಜಿ ಸವೆಸುತ್ತದೆ ಎಂದೇ. ನೀರು ಹಾಕಿ ತೊಳೆದುಬಿಡಿ.

ದಿನದ ದೂಳಿಗೂ ಅದೇ ಮದ್ದು. ಗಾಡಿಯನ್ನು ನೆರಳಿಗೆ ತಂದು, ಮೊದಲು ನೀರು ಸುರಿದು ಕಣಗಳನ್ನು ಇಳಿಸಿ. ಆಮೇಲೆ ಶಾಂಪೂ ನೀರು, ಮೈಕ್ರೋಫೈಬರ್ ಬಟ್ಟೆ, ಮೇಲಿನಿಂದ ಕೆಳಕ್ಕೆ. ಚಕ್ರಕ್ಕೆ ಬಳಸಿದ ಬಟ್ಟೆ ಟ್ಯಾಂಕಿನ ಹತ್ತಿರ ಬರಕೂಡದು. ದಿನಾ ತೊಳೆಯಲು ಪುರುಸೊತ್ತಿಲ್ಲವೇ? ಒರೆಸದೇ ಹೊರಡಿ, ದೂಳು ಕೂತಿದ್ದರೆ ಕೂತಿರಲಿ.

ಇನ್ನು ಸೆರಾಮಿಕ್ ಕೋಟಿಂಗ್. "ಸಾರ್, 9ಎಚ್! ಕಲ್ಲಿಗೂ ಜಗ್ಗಲ್ಲ" ಎಂದು ಮಾರುತ್ತಾರೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. 9ಎಚ್ ಎನ್ನುವುದು ಪೆನ್ಸಿಲಿನ ಅಳತೆ. ಶಾಲೆಯಲ್ಲಿ ಎಚ್‌ಬಿ, ಡ್ರಾಯಿಂಗಿಗೆ 2ಎಚ್ ಬಳಸುತ್ತಿದ್ದೆವಲ್ಲ, ಆ ಸಾಲಿನ ತುದಿಯಲ್ಲಿ ಬರುವುದು. ಆ ಪೆನ್ಸಿಲ್ ಗೀರಲಾರದು ಎಂದಷ್ಟೇ ಅದರ ಅರ್ಥ. ಮೋಸ್ ಅಳತೆಯ 9 ಕುರುಂದಕ್ಕೆ ಸೇರಿದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಟಿಂಗಿನಿಂದ ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ. ಬೆಣಚು ಕಣವನ್ನು ಅದು ತಡೆಯುವುದಿಲ್ಲ.

ಜಲ್ಲಿ ಸಿಡಿದು ಚಕ್ಕೆ ಏಳುವ ಜಾಗಕ್ಕೆ, ಬೆಲ್ಟಿನ ಬಕಲ್ ಉಜ್ಜುವ ಜಾಗಕ್ಕೆ ಪಾಲಿಯುರೆಥೇನ್ ಫಿಲ್ಮೇ ಸರಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳು, ಚೂರುಗಳಿಂದ ಕಾಯಲು ಹುಟ್ಟಿದ ಉಪಾಯ ಅದು. ಮೆತ್ತಗಿರುವುದರಿಂದಲೇ ಏಟು ನುಂಗಿಕೊಳ್ಳುತ್ತದೆ. ಈಗಿನ ಒಳ್ಳೆಯ ಫಿಲ್ಮಿನಲ್ಲಿ ಸಣ್ಣ ಗೀರುಗಳು ಬಿಸಿಲು ಕಾದರೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಜೆ.ಸಿ. ರಸ್ತೆಯಲ್ಲಿ ವಿಚಾರಿಸುವಾಗ ಒಂದು ಎಚ್ಚರ: ನಿಮ್ಮದು ಗ್ಯಾರೇಜಿನಲ್ಲಿ ಮರುಬಣ್ಣ ಮಾಡಿಸಿದ ಟ್ಯಾಂಕಾದರೆ ಅಂಟಿಸುವವರಿಗೆ ಮೊದಲೇ ಹೇಳಿ. ಹಿಡಿತವಿಲ್ಲದ ಬಣ್ಣ, ಫಿಲ್ಮ್ ಕೀಳುವ ದಿನ ಅದರ ಜೊತೆಗೇ ಎದ್ದು ಬರುತ್ತದೆ.