ಮದುವಣಗಿತ್ತಿಯ ಸೆರಗು

ವಿವಾಹವು ಬಾಳಿನ ಮಹತ್ತ್ವದ ಸಂಸ್ಕಾರವೆಂಬುದು ಸರ್ವವಿದಿತ. ಆದರೆ ಆ ಸಂಸ್ಕಾರದಂದು ಮದುವಣಗಿತ್ತಿ ಏನನ್ನು ಉಡಬೇಕು, ಏನನ್ನು ತೊಡಬೇಕು ಎಂಬುದನ್ನು ಯಾರು ನಿರ್ಧರಿಸಬೇಕು? “ಇದು ಹೆಂಗಸರ ಮಾತು, ಕಾಲೇಜಿನ ಸಂಚಿಕೆಗೆ ತಕ್ಕ ವಿಷಯವಲ್ಲ” ಎಂದು ಕೆಲವು ಸಹಪಾಠಿಗಳು ನಕ್ಕಾರು. ನಗಲಿ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುವ ಬೇಡಿಕೆ, ಕೂಲಿ, ಬಂಡವಾಳ, ಯಂತ್ರದ ಪೈಪೋಟಿ ಇವೆಲ್ಲವೂ ಒಂದು ಸೀರೆಯ ಸೆರಗಿನಲ್ಲಿ ಅಡಗಿವೆ ಎಂಬುದು ಈ ವರ್ಷ ನನ್ನ ಅಕ್ಕನ ಮದುವೆಯ ಸಿದ್ಧತೆಯಲ್ಲಿ ನನಗೆ ತಿಳಿದುಬಂದಿತು. ತಿಳಿದಷ್ಟನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕುಳಿತು ನೇಯುತ್ತಾನೆ. ನೂಲನ್ನು ಸಾಹುಕಾರರು ಕೊಡುತ್ತಾರೆ, ನೇಯ್ದ ಸೀರೆಗೆ ಇಷ್ಟೆಂದು ಕೂಲಿ. ಅವ್ವ ಹಾಸು ಸಿದ್ಧಪಡಿಸುತ್ತಾಳೆ. ಅಕ್ಕ ಹತ್ತನೆಯ ತರಗತಿ ಮುಗಿಸಿ ಕಂಡಿಕೆ ಸುತ್ತಲು ಕುಳಿತವಳು ಇಂದಿಗೂ ಎದ್ದಿಲ್ಲ. ಅವಳು ಕುಳಿತದ್ದರಿಂದ ನಾನು ಎದ್ದು ಕಾಲೇಜಿಗೆ ಬಂದೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವಳು ನಾನೇ ಮೊದಲಿಗಳು.

ಮದುವೆ ನಿಶ್ಚಯವಾದ ದಿನದ ರಾತ್ರಿ ಅಕ್ಕ ನನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದಳು. ಅರಿಷಿಣದ ದಿನದ ಸೀರೆ, ಅಕ್ಕಿಕಾಳಿನ ಸೀರೆ, ಕುಪ್ಪಸದ ಖಣ, ಹಸಿರು ಗಾಜಿನ ಬಳೆ, ದಂಡಿ, ಬಾಸಿಂಗ, ಕಾಲುಂಗುರ. ಅದರ ಕೆಳಗೆ ಮೊಬೈಲಿನಲ್ಲಿ ಗೆಳತಿಯರ ಮದುವೆಗಳನ್ನು ನೋಡಿ ಬರೆದ ಬಾಡಿಗೆಯ ಲೆಹೆಂಗಾ, ಪಾರ್ಲರಿನ ಶೃಂಗಾರ, ಮದುವೆಗೆ ಮುಂಚಿನ ಫೋಟೋ. ಅವ್ವ ಅದನ್ನು ಓದಿಸಿಕೊಂಡು ಕೇಳಿ, “ನನ್ನ ಮದುವ್ಯಾಗ ನನಗ ಯಾರೂ ಏನೂ ಕೇಳಲಿಲ್ಲವ್ವಾ, ಉಡು ಅಂದದ್ದನ್ನ ಉಟ್ಟೆ” ಎಂದಳು.

ಈಗ ಪಟ್ಟಿಯ ಮುಖ್ಯ ವಸ್ತುವಾದ ಸೀರೆಯನ್ನು ವಿವರಿಸುತ್ತೇನೆ. ಇಳಕಲ್ಲ ಸೀರೆಗೆ ಒಡಲು, ದಡಿ, ಸೆರಗು ಎಂದು ಮೂರು ಅಂಗಗಳು. ಒಡಲಿಗೆ ಹತ್ತಿಯ ನೂಲು ಅಥವಾ ರೇಷ್ಮೆ. ದಡಿಗೂ ಸೆರಗಿಗೂ ರೇಷ್ಮೆ ಅಥವಾ ಕೃತಕ ರೇಷ್ಮೆ. ದಡಿಯ ಕುಸುರಿಗೆ ಚಿಕ್ಕಿಪರಾಸು, ಗೋಮಿ, ಗಾಡಿ ಮೊದಲಾದ ಹೆಸರುಗಳುಂಟು. ಸೆರಗು ಕೆಂಪು, ಅದರ ನಡುವೆ ಬಿಳಿಯ ಪಟ್ಟೆಗಳು. ಅಂಚಿನಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗಳನ್ನು ಹೋಲುವ ಚಿತ್ರಗಳು. ಮದುವಣಗಿತ್ತಿಯ ಸೀರೆಗೆ ಸಲ್ಲುವ ಬಣ್ಣಕ್ಕೆ ಗಿರಿಕುಂಕುಮವೆಂದು ಹೆಸರು.

ಇದರ ವಿಶೇಷವಿರುವುದು ಬಣ್ಣದಲ್ಲಲ್ಲ, ಜೋಡಣೆಯಲ್ಲಿ. ಸಾಮಾನ್ಯವಾಗಿ ಸೀರೆಯ ಒಡಲಿಗೂ ಸೆರಗಿಗೂ ಒಂದೇ ಹಾಸು ಉದ್ದಕ್ಕೂ ಹರಿದಿರುತ್ತದೆ. ಹಾಸಿನ ಎಳೆ ನೀಲಿಯಾಗಿದ್ದು ಸೆರಗಿನಲ್ಲಿ ಕೆಂಪು ಹೊಕ್ಕನ್ನು ಹಾಕಿದರೆ ಎರಡೂ ಬೆರೆತು ಕಂದಿದ ಬಣ್ಣ ಬರುತ್ತದೆಯೇ ಹೊರತು ಶುದ್ಧ ಕೆಂಪು ಬರುವುದಿಲ್ಲ. ಇಳಕಲ್ಲಿನ ನೇಕಾರರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಸೆರಗಿಗೆ ಬೇರೆಯೇ ಕೆಂಪು ಹಾಸನ್ನು ಸಿದ್ಧಪಡಿಸಿ, ಒಡಲಿನ ಹಾಸಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಕೂಡಿಸುವುದು. ಒಬ್ಬನ ಕಿರುಬೆರಳಿಗೆ ಇನ್ನೊಬ್ಬನು ಕಿರುಬೆರಳನ್ನು ಕೊಕ್ಕೆಯಂತೆ ಸಿಕ್ಕಿಸಿ ಎಳೆದರೆ ಹೇಗೋ ಹಾಗೆ. ಹಾಸೂ ಕೆಂಪು, ಹೊಕ್ಕೂ ಕೆಂಪು; ಆದ್ದರಿಂದಲೇ ಆ ಸೆರಗು ಅಷ್ಟು ಉಜ್ವಲ. ಇದನ್ನೇ ತೋಪುತೆನೆಯ ಸೆರಗು ಎನ್ನುತ್ತಾರೆ.

ದಡಿಯ ನೇಯ್ಗೆಯೂ ಇಂಥದೇ. ಒಡಲಿಗೊಂದು, ಎರಡು ದಡಿಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳು ಓಡುತ್ತವೆ. ಒಡಲಿನ ಹೊಕ್ಕೂ ದಡಿಯ ಹೊಕ್ಕೂ ಸಂಧಿಸುವಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಕೊಂಡಿ ಎನ್ನುವರು. ಸೆರಗಿನ ಹಾಸನ್ನು ಪ್ರತಿ ಸೀರೆಗೂ ಹೊಸದಾಗಿ ಕೂಡಿಸಬೇಕಾದುದರಿಂದ, ಆರು ಗಜದ ಸೀರೆಯಾಗಲಿ ಒಂಬತ್ತು ಗಜದ ಸೀರೆಯಾಗಲಿ, ಒಂದೊಂದಕ್ಕೂ ಒಂದೊಂದು ಹಾಸು ಸಿದ್ಧವಾಗಬೇಕು. ಈ ಕೂಡಿಸುವ ಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸರದು. ಕೂಲಿ ಬರುವುದು ಸೀರೆಗೆ. ಕೂಡಿಸಿದ ಕೈಗೆ ಪ್ರತ್ಯೇಕವಾಗಿ ಏನೂ ಇಲ್ಲ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಈ ದುಡಿಮೆಗೆ ಯಾವ ಅಧ್ಯಾಯವಿದೆಯೆಂದು ನಾನು ಹುಡುಕುತ್ತಲೇ ಇದ್ದೇನೆ.

ಸೀರೆಗೆ ಜತೆಯಾದುದು ಖಣ. ಅದು ನಮ್ಮ ಜಿಲ್ಲೆಯ ಗುಳೇದಗುಡ್ಡದ ನೇಯ್ಗೆ. ಕುಪ್ಪಸಕ್ಕೆ ಸಾಕಾಗುವಷ್ಟು ಅಳತೆಯ ಸಣ್ಣ ಬುಟ್ಟಾಗಳ ಬಟ್ಟೆ. ಮುತ್ತೈದೆಯರ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಷಿಣದ ಬೇರುಗಳೊಡನೆ ಖಣವಿರಲೇಬೇಕು. ಇನ್ನೊಂದು ಕಸೂತಿ. ಹಿಂದೆ ಕಸೂತಿ ಹಾಕಿದ ಕರಿಯ ರೇಷ್ಮೆಯ ಸೀರೆಯನ್ನು ಮದುವಣಗಿತ್ತಿಗೆ ಕೊಡುವ ಪದ್ಧತಿಯಿತ್ತು. ಅದಕ್ಕೆ ಚಂದ್ರಕಾಳಿ ಎಂದು ಹೆಸರು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ. ಮುರ್ಗಿ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುತ್ತದೆ. ನೇಗಿ ನೇಯ್ದಂತೆ ತೋರುತ್ತದೆ. ಮೆಂತೆ ಅಡ್ಡಡ್ಡ ಹಾಯುವ ಹೊಲಿಗೆ. ಗೋಪುರ, ತೇರು, ಆನೆ, ನವಿಲು, ತುಲಸಿಕಟ್ಟೆಗಳೆಲ್ಲ ಹೀಗೆ ಮೂಡುತ್ತವೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಎಳೆಗಳನ್ನು ಎಣಿಸಿಯೇ ಹಾಕಬೇಕು. ಶಾಲೆ ಕಾಣದ ನಮ್ಮ ಅಜ್ಜಿಯರ ಲೆಕ್ಕ ಇಂಥದು.

ಇನ್ನು ಇಂದಿನ ಸ್ಥಿತಿ. ಕೈಮಗ್ಗದ ಕೆಲವು ಬಗೆಯ ಬಟ್ಟೆಗಳನ್ನು ಯಂತ್ರಮಗ್ಗದ ಪೈಪೋಟಿಯಿಂದ ಕಾಯಲು ೧೯೮೫ರಲ್ಲಿ ಕೇಂದ್ರದ ಕಾಯ್ದೆಯಾಯಿತು. ಇಳಕಲ್ಲ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೂ ಯಂತ್ರಮಗ್ಗದ ಸೀರೆ ಅಗ್ಗವಾಗಿ ಅದೇ ಹೆಸರಿನಲ್ಲಿ ಅಂಗಡಿಗೆ ಬರುತ್ತದೆ. ಯಂತ್ರಮಗ್ಗದಲ್ಲಿ ದುಡಿಯುವವರೂ ನೇಕಾರರೇ, ಅವರಿಗೂ ಹೊಟ್ಟೆಯಿದೆ. ನಮ್ಮ ಸೋದರಮಾವನೇ ಅಲ್ಲಿ ದುಡಿಯುತ್ತಾನೆ. ಆಕ್ಷೇಪವಿರುವುದು ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದಕ್ಕೆ ಮಾತ್ರ.

ನಮ್ಮ ಮನೆತನದ ರೂಢಿಯಂತೆ ಅಕ್ಕಿಕಾಳಿನ ಸೀರೆಯನ್ನು ಬೀಗರು ತರಬೇಕು. ಅವರು ಜವಳಿಗೆ ಹುಬ್ಬಳ್ಳಿಗೆ ಹೋಗಿ ಜರಿಯ ಸೀರೆಯೊಂದನ್ನು ತರುವವರಿದ್ದರು. ಅಕ್ಕ ಸೋದರಮಾವನ ಮುಖಾಂತರ ಹೇಳಿ ಕಳಿಸಿದಳು: ಅಂಗಡಿಗೆ ಕೊಡುವ ಹಣದಲ್ಲಿ ನಮ್ಮ ಮಗ್ಗದ ಗಿರಿಕುಂಕುಮದ ಸೀರೆಯನ್ನೇ ಕೊಂಡುಕೊಡಲಿ ಎಂದು. ಬೀಗರು ಒಪ್ಪಿದರು, ಒಪ್ಪದೆ ಕೆರಳಿದವನು ಅಪ್ಪ.

“ಮಗಳ ಸೀರಿಗೆ ಬೀಗರ ಕಡೆ ಕೂಲಿ ತಗೊಳ್ಳಲೇನು? ಮಂದಿ ಏನಂದಾರು?”

“ಅಂಗಡಿಯವಂಗ ಕೊಡೂ ರೊಕ್ಕ ನೇಕಾರಗ ಕೊಟ್ರ ಮಂದಿ ಏನಂತಾರಪ್ಪಾ?” ಎಂದಳು ಅಕ್ಕ. “ಪುಕ್ಕಟೆ ನೇಯ್ದ್ರ ಅಷ್ಟು ದಿನ ಮನಿ ಹೆಂಗ ನಡೀತೈತಿ?”

ಅಪ್ಪ ಎರಡು ದಿನ ಮಾತನಾಡಲಿಲ್ಲ. ನನಗೂ ಅವನ ಸಂಕಟ ಅರ್ಥವಾಗದೆ ಇರಲಿಲ್ಲ. ತನ್ನ ಮಗಳಿಗೆ ತಾನು ಉಡಿಸಬೇಕಾದುದಕ್ಕೆ ಬೆಲೆ ಕಟ್ಟುವುದು ತಂದೆಗೆ ಸುಲಭವಲ್ಲ. ಆದರೆ ಒಂದು ಸೀರೆಗೆ ವಾರವೊಂದು ಹಿಡಿಯುವ ಮನೆಯಲ್ಲಿ ಆ ವಾರದ ಕೂಲಿ ತಪ್ಪಿದರೆ ಸಾಲವೇ ಗತಿ. ಮೂರನೆಯ ದಿನ ಅಪ್ಪ ನೂಲಿನ ಬೆಲೆಯನ್ನೂ ಸಾಹುಕಾರರು ಕೊಡುವಷ್ಟೇ ಕೂಲಿಯನ್ನೂ ತೆಗೆದುಕೊಳ್ಳುವುದಾಗಿ, ಅದಕ್ಕಿಂತ ಒಂದು ಕಾಸೂ ಬೇಡವೆಂದು ಹೇಳಿದ. ಅಕ್ಕ ತನ್ನ ಪಟ್ಟಿಯಿಂದ ಲೆಹೆಂಗಾವನ್ನೂ ಮದುವೆಗೆ ಮುಂಚಿನ ಫೋಟೋವನ್ನೂ ಹೊಡೆದುಹಾಕಿದಳು. ಪಾರ್ಲರನ್ನು ಮಾತ್ರ ಬಿಡಲಿಲ್ಲ. “ಅದು ನನ್ನ ಆಸೆ, ಇರಲಿ” ಎಂದಳು. ಇರಲಿ, ಎಲ್ಲವನ್ನೂ ತ್ಯಾಗ ಮಾಡಬೇಕೆಂದು ಮದುವಣಗಿತ್ತಿಗೆ ಬೋಧಿಸಲು ನಾವು ಯಾರು?

ಮದುವೆ ಬರುವ ವೈಶಾಖದಲ್ಲಿ. ನನ್ನ ಪರೀಕ್ಷೆಗಳೂ ಅದೇ ಸುಮಾರಿಗೆ. ಈ ಲೇಖನ ಬರೆಯುವ ಹೊತ್ತಿಗೆ ಒಡಲಿನ ಹಾಸು ಮಗ್ಗವೇರಿದೆ. ಸೆರಗಿನ ಕೆಂಪು ಎಳೆಗಳನ್ನು ಅವ್ವನೂ ಅಕ್ಕನೂ ಕೂಡಿಸುತ್ತಿದ್ದಾರೆ. ತನ್ನ ಮದುವೆಯ ಸೆರಗನ್ನು ತಾನೇ ಕೂಡಿಸುವ ಮದುವಣಗಿತ್ತಿಯನ್ನು ನಾನು ಈಗಲೇ ಕಂಡದ್ದು. ನಾನೂ ಒಂದು ಸಂಜೆ ಕುಳಿತು ಕೂಡಿಸಿದೆ. ನಾನು ಹಾಕಿದ ಕುಣಿಕೆಗಳಲ್ಲಿ ಅರ್ಧದಷ್ಟನ್ನು ಅಕ್ಕ ಬಿಚ್ಚಿ ಮತ್ತೆ ಹಾಕಿದಳು.

ಪ್ರಿಯ ವಾಚಕರೇ, ನಿಮ್ಮ ಮನೆಗಳಲ್ಲಿಯೂ ಮದುವೆಗಳಾಗುತ್ತವೆ. ಇಳಕಲ್ಲ ಸೀರೆಯನ್ನು ಕೊಳ್ಳುವಾಗ ಒಡಲೂ ಸೆರಗೂ ಕೂಡುವ ಎಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿರಿ. ಅಲ್ಲಿ ಅಡ್ಡಸಾಲಿನಲ್ಲಿ ಸಣ್ಣ ಸಣ್ಣ ಕುಣಿಕೆಗಳಿದ್ದು, ಆಚೆಗೆ ಹಾಸೂ ಹೊಕ್ಕೂ ಎರಡೂ ಕೆಂಪಾಗಿದ್ದರೆ ಅದು ಕೈಯಿಂದ ಕೂಡಿಸಿದ ಸೆರಗೆಂದು ತಿಳಿಯಿರಿ. ಬಳಿಕ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡುವ ಮುನ್ನ ಆ ಕುಣಿಕೆಗಳನ್ನು ಒಂದು ಗೇಣಿನಷ್ಟಾದರೂ ಎಣಿಸಿರೆಂದು ನನ್ನ ವಿನಂತಿ.