ನಾರ್ಮಾ ಡೆಸ್ಮಂಡ್ ಹುಟ್ಟಿದ ಬಗೆ

'ಸನ್‌ಸೆಟ್ ಬುಲೆವಾರ್ಡ್' ಹಾಲಿವುಡ್ಡಿನಲ್ಲೇ ಹುಟ್ಟಿ ಹಾಲಿವುಡ್ಡಿನ ಹುಳುಕನ್ನೇ ಬಯಲಿಗೆಳೆದ ಚಿತ್ರ. ಮೂಕಿ ಚಿತ್ರಗಳ ಕಾಲದಲ್ಲಿ ಮೆರೆದು, ಟಾಕಿ ಬಂದ ಮೇಲೆ ಮೂಲೆಗುಂಪಾದ ನಟಿ ನಾರ್ಮಾ ಡೆಸ್ಮಂಡ್ ಮತ್ತೆ ತೆರೆಗೆ ಬರುವ ಭ್ರಮೆಯಲ್ಲಿ ಹಳೆಯ ಬಂಗಲೆಯೊಂದರಲ್ಲಿ ದಿನ ದೂಡುತ್ತಿದ್ದಾಳೆ. ಸಾಲಕ್ಕಾಗಿ ಕಾರು ಎಳೆದೊಯ್ಯಲು ಬಂದವರ ಕಣ್ತಪ್ಪಿಸಿ ಅಲ್ಲಿಗೆ ನುಗ್ಗುವ ಚಿತ್ರಕಥೆಗಾರ ಜೋ ಗಿಲ್ಲಿಸ್ ಅವಳ ಹಂಗಿಗೆ ಬಿದ್ದು, ಕೊನೆಗೆ ಅವಳ ಗುಂಡಿಗೇ ಬಲಿಯಾಗುತ್ತಾನೆ.

ನಿರ್ದೇಶಕ ಬಿಲ್ಲಿ ವೈಲ್ಡರ್, ಚಾರ್ಲ್ಸ್ ಬ್ರಾಕೆಟ್ ಮತ್ತು ಡಿ.ಎಂ. ಮಾರ್ಷ್‌ಮನ್ ಜೊತೆಗೂಡಿ ಇದನ್ನು ಬರೆದರು. ವಿಷಯ ಹೊರಬೀಳದಿರಲೆಂದು 'ಎ ಕ್ಯಾನ್ ಆಫ್ ಬೀನ್ಸ್' ಎಂಬ ಸುಳ್ಳು ಹೆಸರಿಟ್ಟಿದ್ದರು. 1949ರಲ್ಲಿ ಚಿತ್ರೀಕರಣ ಶುರುವಾದಾಗ ಚಿತ್ರಕಥೆ ಇನ್ನೂ ಮುಗಿದಿರಲಿಲ್ಲ. ನಾರ್ಮಾ ಪಾತ್ರವನ್ನು ಮೇ ವೆಸ್ಟ್ ಒಲ್ಲೆನೆಂದರು. ಕಡೆಗೆ ಬಂದವರು ಗ್ಲೋರಿಯಾ ಸ್ವಾನ್ಸನ್. 1920ರ ದಶಕದಲ್ಲಿ, ಈ ಚಿತ್ರವನ್ನು ತಯಾರಿಸಿದ ಪ್ಯಾರಾಮೌಂಟ್ ಸಂಸ್ಥೆಯದೇ ದೊಡ್ಡ ತಾರೆ. ಸ್ಕ್ರೀನ್ ಟೆಸ್ಟ್ ಕೊಡಿ ಎಂದಾಗ ಅವರಿಗೆ ಸಹಜವಾಗಿಯೇ ನೋವಾಯಿತು. ನಿರ್ದೇಶಕ ಜಾರ್ಜ್ ಕ್ಯೂಕರ್ ಒತ್ತಾಯಿಸಿದ ಮೇಲೆ ಒಪ್ಪಿದರು.

ಚಿತ್ರದ ಬಲ ಇರುವುದು ಈ ಬಗೆಯ ಆಯ್ಕೆಯಲ್ಲಿ. ನೋಡುವವರ ಕಸಿವಿಸಿಗೂ ಅದೇ ಕಾರಣ. ನಾರ್ಮಾ ಮನೆಯಲ್ಲಿ ಹಾಕಿಸಿ ನೋಡುವ ಹಳೆಯ ಚಿತ್ರ, ಸ್ವಾನ್ಸನ್ ನಟಿಸಿ ಅರ್ಧಕ್ಕೆ ನಿಂತ 'ಕ್ವೀನ್ ಕೆಲ್ಲಿ'. ಅದನ್ನು ನಿರ್ದೇಶಿಸಿದ್ದ ಎರಿಕ್ ವಾನ್ ಸ್ಟ್ರೋಹೈಮ್ ಇಲ್ಲಿ ಅವಳ ಬಟ್ಲರ್ ಮ್ಯಾಕ್ಸ್. ರೀಲು ಓಡಿಸುವವನೂ ಅವನೇ. ಇಸ್ಪೀಟಾಡಲು ಬರುವ ಹಳಬರಲ್ಲಿ ಬಸ್ಟರ್ ಕೀಟನ್ ಇದ್ದಾರೆ. ಜಗತ್ತನ್ನೇ ನಗಿಸಿದ ಆ ಕಲಾವಿದರಿಗೆ ಇಲ್ಲಿ ಸಿಕ್ಕಿದ ಮಾತು 'ಪಾಸ್' ಎಂಬುದಷ್ಟೇ. ನಿಜವಾದ ಗಾಯಗಳನ್ನು ಹೀಗೆ ಕಥೆಗೆ ಬಳಸಿಕೊಂಡದ್ದು ಕ್ರೂರವೇ.

ಆದರೆ ಅದೇ ಚಿತ್ರದಲ್ಲಿ ಕರುಣೆಯೂ ಇದೆ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ತಮ್ಮದೇ ಪಾತ್ರದಲ್ಲಿ ನಟಿಸಿರುವ ದೃಶ್ಯದಲ್ಲಿ, ಅವರ 'ಸ್ಯಾಮ್ಸನ್ ಅಂಡ್ ಡಿಲೈಲಾ' ಸೆಟ್ಟಿಗೆ ನಾರ್ಮಾ ಬರುತ್ತಾಳೆ. ಮೈಕೊಂದು ಅವಳ ಟೋಪಿಯ ಗರಿಗೆ ತಾಗುತ್ತದೆ. ಅವಳು ಅದನ್ನು ಅತ್ತ ತಳ್ಳುತ್ತಾಳೆ. ಮೇಲಿದ್ದ ಹಳೆಯ ಲೈಟ್‌ಮನ್ ಗುರುತು ಹಿಡಿದು ದೀಪ ತಿರುಗಿಸಿದೊಡನೆ ಜನ ಅವಳನ್ನು ಸುತ್ತುವರಿಯುತ್ತಾರೆ. ಐವತ್ತರ ನಟಿಯ ಕಥೆ ಮುಗಿದಿದೆ, ಅರವತ್ತೇಳರ ಡಿಮಿಲ್ ಇನ್ನೂ ನಿರ್ದೇಶಕರ ಕುರ್ಚಿಯಲ್ಲಿದ್ದಾರೆ. ಉದ್ಯಮದ ಅನ್ಯಾಯವನ್ನು ಭಾಷಣವಿಲ್ಲದೆ ಹೇಳುವ ಇಂಥ ದೃಶ್ಯ ಅಪರೂಪ.

ಮೊದಲು ಚಿತ್ರ ಶುರುವಾಗುತ್ತಿದ್ದುದು ಶವಾಗಾರದಲ್ಲಿ, ಹೆಣಗಳ ಮಾತುಕತೆಯಿಂದ. ಇಲಿನಾಯ್ಸ್‌ನ ಇವಾನ್‌ಸ್ಟನ್‌ನಲ್ಲಿ ನಡೆದ ಪೂರ್ವಪ್ರದರ್ಶನದಲ್ಲಿ ಪ್ರೇಕ್ಷಕರು ನಕ್ಕುಬಿಟ್ಟಿದ್ದರಿಂದ ಆ ಭಾಗ ಹೋಗಿ, ಈಜುಕೊಳದಲ್ಲಿ ತೇಲುವ ಜೋನ ಹೆಣ ಬಂತು. ಹಾಲಿವುಡ್ಡಿನವರಿಗೆ ತೋರಿಸಿದಾಗ ನಟಿ ಬಾರ್ಬರಾ ಸ್ಟ್ಯಾನ್‌ವಿಕ್ ಮಂಡಿಯೂರಿ ಸ್ವಾನ್ಸನ್ ಉಡುಪಿನ ಅಂಚಿಗೆ ಮುತ್ತಿಟ್ಟರು. ಎಂಜಿಎಂ ಮುಖ್ಯಸ್ಥ ಲೂಯಿಸ್ ಬಿ. ಮೇಯರ್, ವೈಲ್ಡರ್ ಉಂಡ ಮನೆಗೆ ಎರಡು ಬಗೆದರೆಂದು ಕೂಗಾಡಿದರು. 1950ರ ಆಗಸ್ಟ್‌ನಲ್ಲಿ ತೆರೆಕಂಡ ಚಿತ್ರ 11 ಆಸ್ಕರ್ ನಾಮನಿರ್ದೇಶನ ಪಡೆದು ಮೂರನ್ನು ಗೆದ್ದಿತು. ಸ್ವಾನ್ಸನ್‌ಗೆ ಪ್ರಶಸ್ತಿ ಬರಲಿಲ್ಲ.

ಈ ಚಿತ್ರ ನೋಡುವವರು ಇಸ್ಪೀಟಿನ ಮೇಜಿನ ಬಳಿ ಕೀಟನ್ ಮುಖವನ್ನು ಗಮನಿಸಿ, ಆಮೇಲೆ ಅವರ 1926ರ 'ದಿ ಜನರಲ್' ಅನ್ನೂ ತಪ್ಪದೆ ನೋಡಬೇಕು.