ಏಳಕ್ಷರದ ವಿಳಾಸ ಓದುವ ಪ್ರೋಟೀನು

ಜೀವಕೋಶದ ಚಿತ್ರ ಬಿಡಿಸುವಾಗ ನ್ಯೂಕ್ಲಿಯಸ್ಸನ್ನು ಒಂದು ದುಂಡು ಗೆರೆಯಿಂದ ತೋರಿಸಿ ಮುಂದೆ ಹೋಗುವುದು ಶಾಲೆಗಳಲ್ಲಿ ರೂಢಿ. ಪರೀಕ್ಷೆಯಲ್ಲಿ ಅಂಕ ಗಳಿಸಲು ಅಷ್ಟು ಸಾಕು. ಆದರೆ ಆ ಗೆರೆ ವಾಸ್ತವವಾಗಿ ಎರಡು ಪದರಗಳ ಪೊರೆ. ಅದರ ತುಂಬ ಸಾವಿರಾರು ರಂಧ್ರಗಳು. ಡಿಎನ್‌ಎ ಇರುವುದು ಪೊರೆಯ ಒಳಗೆ. ಪ್ರೋಟೀನುಗಳು ತಯಾರಾಗುವುದೋ ಹೊರಗೆ, ಕೋಶದ್ರವ್ಯದ ರೈಬೋಸೋಮುಗಳಲ್ಲಿ. ಡಿಎನ್‌ಎಯನ್ನು ಸುತ್ತಿಡುವ ಹಿಸ್ಟೋನುಗಳು, ಅದರ ನಕಲು ತೆಗೆಯುವ ಕಿಣ್ವಗಳು ಎಲ್ಲವೂ ಹೊರಗೆ ತಯಾರಾಗಿ ಒಳಗೆ ಬರಬೇಕು. ಚಿಕ್ಕ ಅಣುಗಳು ರಂಧ್ರಗಳ ಮೂಲಕ ತಾವಾಗಿಯೇ ನುಸುಳುತ್ತವೆ. ಸುಮಾರು 40,000 ಡಾಲ್ಟನ್‌ಗಿಂತ ಹೆಚ್ಚು ತೂಕದ ಪ್ರೋಟೀನುಗಳಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಹಾಗಾದರೆ ಅವುಗಳಲ್ಲಿ ಯಾರು ಒಳಗೆ, ಯಾರು ಹೊರಗೆ?

ಇದರ ಮೊದಲ ಸುಳಿವು ಸಿಕ್ಕಿದ್ದು ಎಸ್‌ವಿ40 ಎಂಬ ಮಂಗನ ವೈರಸ್ಸಿನಿಂದ. ಆ ವೈರಸ್ಸಿನ ಒಂದು ದೊಡ್ಡ ಪ್ರೋಟೀನು ತಪ್ಪದೆ ನ್ಯೂಕ್ಲಿಯಸ್ಸನ್ನು ಸೇರಿಕೊಳ್ಳುತ್ತದೆ. 1984ರಲ್ಲಿ ವಿಜ್ಞಾನಿಗಳು ಅದರ ಗುಟ್ಟು ಕಂಡುಹಿಡಿದರು. ಪ್ರೋಲಿನ್, ಮೂರು ಲೈಸಿನ್, ಆರ್ಜಿನಿನ್, ಮತ್ತೆ ಲೈಸಿನ್, ವ್ಯಾಲಿನ್ — ಹೀಗೆ ಸಾಲಾಗಿ ನಿಂತ 7 ಅಮೈನೋ ಆಮ್ಲಗಳೇ ಅದರ ವಿಳಾಸ. ನಮ್ಮ ಪಿನ್‌ಕೋಡಿಗಿಂತ ಒಂದೇ ಅಕ್ಷರ ಹೆಚ್ಚು! ಅದರಲ್ಲಿ ಎರಡನೆಯ ಲೈಸಿನ್ ಒಂದನ್ನು ಬದಲಿಸಿದರೂ ಸಾಕು, ಪ್ರೋಟೀನು ಹೊರಗೇ ಉಳಿಯುತ್ತದೆ.

ವಿಳಾಸವಿದ್ದ ಮೇಲೆ ಅದನ್ನು ಓದುವವರೂ ಇರಬೇಕಲ್ಲ? 1994ರಲ್ಲಿ ಕಪ್ಪೆಯ ಮೊಟ್ಟೆಯ ಸಾರದಿಂದ ಬೇರ್ಪಡಿಸಿದ ಇಂಪಾರ್ಟಿನ್-ಆಲ್ಫಾ ಎಂಬ ಪ್ರೋಟೀನೇ ಆ ಅಂಚೆಯವ. ಅದು ಹೇಗೆ ಓದುತ್ತದೆ ಎಂಬುದು ತಿಳಿಯಬೇಕಾದರೆ ಅದರ ಆಕಾರ ತಿಳಿಯಬೇಕಿತ್ತು. 1998ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಎಲೆನಾ ಕಾಂಟಿ, ಭಾರತ ಮೂಲದ ಜಾನ್ ಕುರಿಯನ್, ಗುಂಟರ್ ಬ್ಲೋಬೆಲ್ ಮತ್ತು ಸಂಗಡಿಗರು ಯೀಸ್ಟಿನ ಇಂಪಾರ್ಟಿನ್-ಆಲ್ಫಾವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದರ ರಚನೆಯನ್ನು ಬಿಡಿಸಿದರು. ಪ್ರೋಟೀನುಗಳು ತಮ್ಮ ವಿಳಾಸವನ್ನು ತಮ್ಮಲ್ಲೇ ಹೊತ್ತಿರುತ್ತವೆ ಎಂದು ತೋರಿಸಿದ್ದಕ್ಕೆ ಬ್ಲೋಬೆಲ್‌ಗೆ ಮರುವರ್ಷವೇ ನೊಬೆಲ್ ಬಹುಮಾನ ಬಂತು.

ಆ ರಚನೆ ನೋಡಲು ಸೊಗಸಾಗಿದೆ. ಸುಮಾರು 40 ಅಮೈನೋ ಆಮ್ಲಗಳ ಒಂದು ತುಂಡು; ಅದರಲ್ಲಿ ಮೂರು ಸುರುಳಿಗಳು. ಇಂಥ 10 ತುಂಡುಗಳು ಒಂದರ ಮೇಲೊಂದು, ಪ್ರತಿಯೊಂದೂ ತುಸು ತಿರುಗಿ ಕುಳಿತು, ಉದ್ದನೆಯ ಬಾಗಿದ ತಿರುಪಿನಂತಾಗಿವೆ. ಈ ತುಂಡಿಗೆ ‘ಆರ್ಮಡಿಲ್ಲೊ’ ಎಂದು ಹೆಸರು. ಆರ್ಮಡಿಲ್ಲೊ ಎಂದರೆ ನಮ್ಮ ಚಿಪ್ಪುಹಂದಿಯನ್ನು ನೆನಪಿಗೆ ತರುವ, ಅಮೆರಿಕ ಖಂಡದ ಒಂದು ಪ್ರಾಣಿ. ಹಣ್ಣುನೊಣದ ಒಂದು ಜೀನ್ ಕೆಟ್ಟಾಗ ಅದರ ಮರಿಹುಳು ಆ ಪ್ರಾಣಿಯಂತೆ ಕಂಡದ್ದರಿಂದ ಜೀನಿಗೆ ಆ ಹೆಸರು ಬಂತು. ಅದರ ಪ್ರೋಟೀನಿನಲ್ಲಿ ಮೊದಲು ಗುರುತಿಸಿದ್ದರಿಂದ ತುಂಡಿಗೂ ಅದೇ ಉಳಿಯಿತು.

ತಿರುಪಿನ ಒಳಬದಿಯಲ್ಲಿ ಉದ್ದಕ್ಕೂ ಒಂದು ಗಾಡಿಯಿದೆ. ಅದರಲ್ಲಿ ಟ್ರಿಪ್ಟೊಫ್ಯಾನ್ ಮತ್ತು ಆಸ್ಪರಾಜಿನ್‌ಗಳ ಸಾಲು. ವಿಳಾಸದ ಎಳೆ ಗಾಡಿಯಲ್ಲಿ ಮಲಗಿದಾಗ ಲೈಸಿನ್‌ಗಳ ಉದ್ದನೆಯ ಬಾಲಗಳು ಟ್ರಿಪ್ಟೊಫ್ಯಾನ್‌ಗಳ ಚಪ್ಪಟೆ ಉಂಗುರಗಳ ನಡುವೆ ಸೇರಿಕೊಳ್ಳುತ್ತವೆ. ಆಸ್ಪರಾಜಿನ್‌ಗಳು ಎಳೆಯ ಬೆನ್ನನ್ನು ಹಿಡಿಯುತ್ತವೆ. ಲೈಸಿನ್ ತುದಿಯ ಧನ ವಿದ್ಯುದಂಶವನ್ನು ಗಾಡಿಯ ಋಣ ವಿದ್ಯುದಂಶಗಳು ಸೆಳೆಯುತ್ತವೆ. ಒಂದು ಲೈಸಿನ್ ತಪ್ಪಿದರೆ ಇಡೀ ವಿಳಾಸ ಏಕೆ ಕೆಡುತ್ತದೆಂಬುದು ಈಗ ಅರ್ಥವಾಗುತ್ತದೆ.

ಇನ್ನೂ ಒಂದು ಜಾಣತನವಿದೆ. ಇಂಪಾರ್ಟಿನ್-ಆಲ್ಫಾದ ತಲೆಯ ಭಾಗದಲ್ಲೂ ಇದೇ ಬಗೆಯ ಲೈಸಿನ್, ಆರ್ಜಿನಿನ್‌ಗಳಿವೆ. ಒಂಟಿಯಾಗಿದ್ದಾಗ ಅದು ಮಡಚಿಕೊಂಡು ತನ್ನ ಗಾಡಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಂಪಾರ್ಟಿನ್-ಬೀಟಾ ಎಂಬ ಜೊತೆಗಾರ ಬಂದು ಬಸವನಹುಳುವಿನ ಚಿಪ್ಪಿನಂತೆ ಆ ತಲೆಯನ್ನು ಸುತ್ತಿ ಹಿಡಿದಾಗ ಗಾಡಿ ತೆರೆದು ಸರಕು ಕೂರುತ್ತದೆ. ಮೂವರೂ ಒಟ್ಟಿಗೆ ರಂಧ್ರ ದಾಟುತ್ತಾರೆ. ಒಳಗೆ ರಾನ್ ಎಂಬ ಪುಟ್ಟ ಪ್ರೋಟೀನು, ಜಿಟಿಪಿ ಅಣುವನ್ನು ಹೊತ್ತು, ಬೀಟಾವನ್ನು ಬಿಡಿಸುತ್ತದೆ. ತಲೆ ಮತ್ತೆ ಗಾಡಿಗೆ ಮರಳುತ್ತದೆ, ಸರಕು ಇಳಿಯುತ್ತದೆ. ಜಿಟಿಪಿ ಹೊತ್ತ ರಾನ್ ಹೇರಳವಾಗಿರುವುದು ನ್ಯೂಕ್ಲಿಯಸ್ಸಿನೊಳಗೆ ಮಾತ್ರ. ಆದ್ದರಿಂದ ಸರಕು ದಾರಿಯಲ್ಲಿ ಇಳಿಯುವುದಿಲ್ಲ.

ಇಂಥ ದಾರಿಗೆ ಅಡ್ಡ ಹಾಕುವವರೂ ಇದ್ದಾರೆ. ವೈರಸ್ ನುಗ್ಗಿದಾಗ ದೇಹ ಇಂಟರ್‌ಫೆರಾನ್ ಬಿಡುಗಡೆ ಮಾಡಿ ಎಚ್ಚರಿಕೆ ಕೊಡುತ್ತದೆ. ಆ ಸುದ್ದಿಯನ್ನು ನ್ಯೂಕ್ಲಿಯಸ್ಸಿಗೆ ಒಯ್ಯುವ ಪ್ರೋಟೀನು ಸ್ಟಾಟ್1. ಇದು ಆಲ್ಫಾದ ಗಾಡಿಯನ್ನಲ್ಲ, ಬಾಲದ ಕಡೆಯ ತುಂಡುಗಳನ್ನು ಹಿಡಿದು ಒಳಹೋಗುತ್ತದೆ. ಎಬೋಲಾ ವೈರಸ್ಸಿನ ವಿಪಿ24 ಎಂಬ ಪ್ರೋಟೀನು ಸರಿಯಾಗಿ ಅದೇ ಜಾಗವನ್ನು ಆಕ್ರಮಿಸುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ರಚನೆಯಲ್ಲಿ ಕಂಡುಬಂತು. ಪಶ್ಚಿಮ ಆಫ್ರಿಕದಲ್ಲಿ 2014ರಿಂದ 2016ರವರೆಗೆ 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಎಬೋಲಾ, ದೇಹದ ಕಾವಲನ್ನು ವಂಚಿಸುವ ಬಗೆಗಳಲ್ಲಿ ಇದೂ ಒಂದು. ವಿಶೇಷವೆಂದರೆ, ವಿಪಿ24 ಮುಖ್ಯ ಗಾಡಿಯನ್ನು ಮುಟ್ಟುವುದಿಲ್ಲ. ಏಳಕ್ಷರದಂಥ ವಿಳಾಸ ಹೊತ್ತ ಉಳಿದ ಸರಕುಗಳು ಎಂದಿನಂತೆ ಒಳಹೋಗುತ್ತಿರುತ್ತವೆ. ಅಪಾಯದ ಸುದ್ದಿಯೊಂದು ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ.